ಗ್ರೀಸಿನ ದೋಣಿಗೆ ಅರಸೀಕೆರೆಯ ನಿಂಬೆಹಣ್ಣು

ವಾಹನವೆಂದ ಮೇಲೆ ಅದಕ್ಕೆ ಚಕ್ರ ಇದ್ದೇ ಇರುತ್ತದೆಂದು ನಮ್ಮ ಹಿರಿಯರು ಅದ್ಯಾಕೆ ಅಷ್ಟು ಗಟ್ಟಿಯಾಗಿ ನಂಬಿದ್ದರೋ ಕಾಣೆ. ಸ್ಕೂಟರಿಗೆ ಎರಡು ನಿಂಬೆಹಣ್ಣು, ಕಾರಿಗೆ ನಾಲ್ಕು, ಲಾರಿಗೆ ಮುಂದಿನವೆರಡಕ್ಕೆ ಇಟ್ಟರೆ ಹಿಂದಿನವು ಹೇಗೋ ಹೊಂದಿಕೊಂಡು ಹೋಗುತ್ತವೆ. ಆದರೆ ಚಕ್ರವೇ ಇಲ್ಲದ ವಾಹನಕ್ಕೆ ಎಲ್ಲಿಡಬೇಕು? ಈ ಪ್ರಶ್ನೆ ನನಗೆ ಎದುರಾದದ್ದು ಗ್ರೀಸ್ ದೇಶದ ಒಂದು ಪುಟ್ಟ ಬಂದರಿನಲ್ಲಿ, ಬೆಳ್ಳಗೆ ಹೊಳೆಯುವ ಮೋಟಾರು ದೋಣಿಯೊಂದರ ಮುಂದೆ.

ನಾನು ಅರಸೀಕೆರೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವವನು. ನನಗೂ ಗ್ರೀಸಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು; ನನ್ನ ಹೆಂಡತಿ ಪುಟ್ಟಲಕ್ಷ್ಮಿಯೂ ಅದನ್ನೇ ಕೇಳಿದಳು. ಚೆನ್ನಾಗಿ ಮಾಲು ಎತ್ತಿ ಮಾರಿದ ಅಂಗಡಿಯವರನ್ನು ಕಂಪನಿಯವರು ಫಾರಿನ್ ಟೂರಿಗೆ ಕಳಿಸುವುದು ನಮ್ಮ ವ್ಯಾಪಾರದಲ್ಲಿ ಹಳೆಯ ಪದ್ಧತಿ. ಸಾಮಾನ್ಯವಾಗಿ ಬ್ಯಾಂಕಾಕಿಗೆ ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. ಹೋಗಿಬಂದವರ ಮನೆಗಳಲ್ಲಿ ಅದೇನು ನಡೆಯಿತೋ, ಈ ಸಲ ಜೋಡಿಯಾಗಿ ಗ್ರೀಸ್ ಎಂದುಬಿಟ್ಟರು. ಕೊನೆಯ ದಿನ ಪ್ರತಿ ಜೋಡಿಗೂ ಒಂದೊಂದು ಖಾಸಗಿ ದೋಣಿ, ಸಂಜೆಯೊಳಗೆ ಮೂರು ದ್ವೀಪ. ಈ ಮೂರು ದ್ವೀಪಗಳ ಸುದ್ದಿಯನ್ನು ನಾನು ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಹಾರನಹಳ್ಳಿಯವರೆಗೆ ಸಾರಿಯಾಗಿತ್ತು. ನೋಡದೆ ಹಿಂದಿರುಗಿದರೆ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ದೋಣಿಯ ಹತ್ತಿರ ಬರುತ್ತಿದ್ದಂತೆ ಪುಟ್ಟಲಕ್ಷ್ಮಿ ಕೈಚೀಲದಿಂದ ಅರಿಶಿನ, ಕುಂಕುಮ, ನಮ್ಮ ತೋಟದ ತೆಂಗಿನಕಾಯಿ, ಒಂದು ನಿಂಬೆಹಣ್ಣು ತೆಗೆದಳು.

"ಇದು ಬಾಡಿಗೆ ದೋಣಿ ಕಣೇ, ನಮ್ದಲ್ಲ" ಎಂದೆ.

"ಇವತ್ತೊಂದಿನದ ಮಟ್ಟಿಗೆ ನಮ್ದೇ ಅಲ್ವಾ? ಪೂಜೆ ಆಗ್ದೆ ನಾನ್ ಹತ್ತಾಕಿಲ್ಲ ಕಣ್ರೀ."

"ವಿಮಾನ ಹತ್ತಿದೆಯಲ್ಲ, ಅದಕ್ಕೆ ಯಾರಿಟ್ಟಿದ್ರು ನಿಂಬೆಹಣ್ಣು?"

"ಅದಕ್ಕೆ ಚಕ್ರ ಐತೆ. ಅವರೇ ಇಟ್ಟಿರ್ತಾರೆ."

ಇವಳೊಂದಿಗೆ ವಾದ ಮಾಡಿ ಗೆದ್ದವರಿಲ್ಲ. ನಮ್ಮ ಮನೆಗೆ ಬಂದ ಗಾಡಿಗಳೆಲ್ಲ ಮೊದಲು ಬೇಲೂರಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದವೇ. ಹಾಗಿದ್ದೂ ಒಮ್ಮೆ ಹಳೇಬೀಡು ದಾಟಿ ಬಸ್ತಿಹಳ್ಳಿಯ ಹತ್ತಿರ ನಮ್ಮ ಹೊಸ ಟೆಂಪೋ ಚರಂಡಿಗೆ ಇಳಿಯಿತು. ಓಡಿಸುತ್ತಿದ್ದವನು ನಾನು, ನೋಡುತ್ತಿದ್ದದ್ದು ಪಕ್ಕದ ಹೊಲದಲ್ಲಿ ಕುಣಿಯುತ್ತಿದ್ದ ನವಿಲನ್ನು. ಆದರೆ ಅವಳ ತೀರ್ಪಿನ ಪ್ರಕಾರ, ಎಡಗಡೆಯ ನಿಂಬೆಹಣ್ಣು ಸರಿಯಾಗಿ ಅಪ್ಪಚ್ಚಿಯಾಗದೆ ಚಕ್ರದಿಂದ ಜಾರಿಹೋದದ್ದೇ ಕಾರಣ. ಅಂದಿನಿಂದ ನಿಂಬೆಹಣ್ಣು ಜಜ್ಜಿ ರಸ ಬಂದದ್ದನ್ನು ಕಣ್ಣಾರೆ ಕಂಡ ಹೊರತು ಅವಳು ಗಾಡಿಯೊಳಗೆ ಕಾಲಿಡುವುದಿಲ್ಲ.

ದೋಣಿಯ ಕ್ಯಾಪ್ಟನ್ ಯಾನಿ ಬಿಳಿಗಡ್ಡದ ಮನುಷ್ಯ. ದೋಣಿಯ ಮೂತಿಗೆ ಕುಂಕುಮ ಇಡಿಸಿಕೊಂಡ, ಬಂದರಿನ ಕಟ್ಟೆಯ ಮೇಲೆ ಒಡೆದ ಕಾಯಿಯ ಹೋಳನ್ನು ತಿಂದು ಇನ್ನೊಂದು ಹೋಳು ಕೇಳಿದ. ನಿಂಬೆಹಣ್ಣಿನ ವಿಷಯ ಹೇಳಿದಾಗ ಕಣ್ಣರಳಿಸಿ, ಬೂಟಿನಲ್ಲಿ ತುಳಿಯಲೇ ಎಂದ. ಗಾಡಿಯೇ ಹತ್ತಬೇಕೆಂದಳು ಇವಳು. ಕೊನೆಗೆ ನಮ್ಮೂರಿನ ಅರ್ಚಕರಿಗೆ ಫೋನ್ ಮಾಡಿದೆ. "ದೋಣಿಗೆ ಬ್ರೇಕ್ ಇರುತ್ತೇನ್ರೀ? ರಿವರ್ಸ್?" ಎಂದೆಲ್ಲ ಕುತೂಹಲದಿಂದ ವಿಚಾರಿಸಿ, "ದೋಣಿಗೆ ನೀರೇ ರಸ್ತೆ ಅಲ್ವೇ? ರಸ್ತೆ ಮೇಲೆ ಇಟ್ಟು ಹತ್ತಿಸಿ" ಎಂದು ಅಪ್ಪಣೆ ಕೊಟ್ಟರು.

ಶಾಸ್ತ್ರವೇನೋ ಸರಿಯಾಗಿಯೇ ಇತ್ತು. ಆದರೆ ನಿಂಬೆಹಣ್ಣು ತೇಲುತ್ತದೆ. ಪುಟ್ಟಲಕ್ಷ್ಮಿ ಹಣ್ಣನ್ನು ನೀರಿಗೆ ಬಿಟ್ಟು ಕಟ್ಟೆಯ ಮೇಲೆ ನಿಂತಳು, ನಾನು ದೋಣಿಯ ಮುಂಭಾಗದಲ್ಲಿ ಬಗ್ಗಿ ನಿಂತೆ, ಯಾನಿ ಮೋಟಾರು ಎಬ್ಬಿಸಿದ. ದೋಣಿ ಹತ್ತಿರ ಹೋದದ್ದೇ ತಡ, ಅದು ತಳ್ಳಿದ ಅಲೆಯ ಮೇಲೇರಿ ನಿಂಬೆಹಣ್ಣು ಎಡಕ್ಕೆ ಜಾರಿಕೊಂಡಿತು. ತಿರುಗಿಸಿಕೊಂಡು ಬಂದೆವು. ಈ ಸಲ ಬಲಕ್ಕೆ ಹೋಯಿತು. ಮೆಲ್ಲಗೆ ಹೋದರೆ ಅದೂ ಮೆಲ್ಲಗೆ, ಜೋರಾಗಿ ಹೋದರೆ ಅದೂ ಜೋರಾಗಿ. ಮೊದಲು ನಗುತ್ತಿದ್ದ ಯಾನಿ ಬರಬರುತ್ತ ಟೋಪಿ ತೆಗೆದಿಟ್ಟು ಹಲ್ಲು ಕಚ್ಚಿದ. ಅದು ಯಾವ ಕಡೆಗೆ ಜಾರುತ್ತದೆ, ಯಾಕೆ ಅದೇ ಕಡೆಗೆ ಜಾರುತ್ತದೆ ಎಂಬುದರ ಹೊರತು ಪ್ರಪಂಚದಲ್ಲಿ ತಿಳಿಯಬೇಕಾದದ್ದು ಬೇರೇನೂ ಇಲ್ಲವೆನಿಸಿತು ನನಗೆ. "ಎಡಕ್ಕೆ! ಎಡಕ್ಕೆ ಹೊಡೀರಿ! ಅಯ್ಯೋ, ತಪ್ಪಿಸ್ಕೊಂತು ಮುಂಡೇದು!" ಎಂದು ನಾನು ಅಚ್ಚ ಕನ್ನಡದಲ್ಲಿ ಕೂಗುತ್ತಿದ್ದರೆ ಅವನು ಅಚ್ಚ ಗ್ರೀಕಿನಲ್ಲಿ ಬೈಯುತ್ತಿದ್ದ. ಹೊತ್ತು ಪಡುವಣಕ್ಕೆ ವಾಲಿತು. ಒಂದು ದ್ವೀಪ ಕೈತಪ್ಪಿತು, ಆಮೇಲೆ ಇನ್ನೊಂದು.

ಕಟ್ಟೆಯ ಮೇಲೆ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದಳು. ಎದ್ದು ಬಂದು ಪುಟ್ಟಲಕ್ಷ್ಮಿಯ ಪಕ್ಕ ನಿಂತಳು. ಇವಳು ನಿಂಬೆಹಣ್ಣನ್ನು ತೋರಿಸಿ, ದೋಣಿಯನ್ನು ತೋರಿಸಿ, ನನ್ನನ್ನು ತೋರಿಸಿ, ಆಕಾಶಕ್ಕೆ ಕೈಮುಗಿದಳು. ಮುದುಕಿ ಎಲ್ಲ ಅರ್ಥವಾದವಳಂತೆ ತಲೆದೂಗಿ ಯಾನಿಯನ್ನು ಕೂಗಿ ಏನೋ ಅಂದಳು. ಮತ್ತೆ ನಾವು ಕಟ್ಟೆಯ ಹತ್ತಿರ ಬಂದಾಗ ನಮ್ಮ ಕಡೆಗೆ ತಿರುಗಿ "ಥೂ, ಥೂ, ಥೂ" ಎಂದು ಮೂರು ಸಲ ಸುಮ್ಮನೆ ಉಗಿದಂತೆ ಮಾಡಿದಳು.

ಪುಟ್ಟಲಕ್ಷ್ಮಿಯ ಮುಖ ಊರಗಲವಾಯಿತು. "ರೀ, ಸಾಕು ಬನ್ನಿ! ಅಜ್ಜಿ ದೃಷ್ಟಿ ತೆಗೆದ್ರು! ಇವರ ಕಡೇಲೂ ಐತೆ ಕಣ್ರೀ!" ಎಂದವಳೇ ಅಜ್ಜಿಯ ಕಾಲುಮುಟ್ಟಿ, ಸೀರೆ ಎತ್ತಿ ಹಿಡಿದು ದೋಣಿ ಹತ್ತಿಯೇಬಿಟ್ಟಳು. ಉಳಿದ ಹೊತ್ತಿನಲ್ಲಿ ಒಂದು ದ್ವೀಪ ಸಿಕ್ಕಿದರೆ ಅದೇ ಪುಣ್ಯವೆಂದು ಹೊರಟೆವು.

ನನಗೋ ಕುತೂಹಲ ತಡೆಯಲಾಗಲಿಲ್ಲ. ಯಾನಿಯ ಪಕ್ಕ ಹೋಗಿ, ನೀವೂ ದೋಣಿಗಳಿಗೆ ದೃಷ್ಟಿ ತೆಗೆಯುತ್ತೀರಾ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಸಂಕೋಚದಿಂದ ಗಡ್ಡ ಕೆರೆದುಕೊಂಡ. "ಅದು ದೋಣಿಗಲ್ಲ ಸಾರ್, ನಿಮಗೆ. ಇಷ್ಟು ವಯಸ್ಸಾದ ಗಂಡಸು ಒಂದು ನಿಂಬೆಹಣ್ಣಿಗಾಗಿ ಹೀಗೆ ಬಡಕೊಳ್ಳಬೇಕಾದರೆ ಯಾರದೋ ಕಣ್ಣು ಜೋರಾಗಿಯೇ ಬಿದ್ದಿದೆ, ಪಾಪ ಹೆಂಡತಿ ದೇವರಿಗೆ ಕೈಮುಗಿದು ಅಳುವುದೊಂದು ಬಾಕಿ ಅಂದಳು ಅಜ್ಜಿ."

"ಏನಂತೆ?" ಎಂದಳು ಪುಟ್ಟಲಕ್ಷ್ಮಿ.

"ದೋಣಿಗೆ ಇನ್ನೇನೂ ಭಯವಿಲ್ಲವಂತೆ" ಎಂದೆ.

"ನಾನ್ ಹೇಳ್ಲಿಲ್ವಾ?" ಎಂದು ಅವಳು ನೆಮ್ಮದಿಯಾಗಿ ಕೂತು, ಎದುರಿಗೆ ಬರುತ್ತಿದ್ದ ದ್ವೀಪವನ್ನು ನೋಡತೊಡಗಿದಳು. ನಾನೂ ನೋಡಬೇಕೆಂದೇ ಕೂತೆ. ಆದರೆ ಅಜ್ಜಿ ಉಗಿದದ್ದು ಸಾಲಲಿಲ್ಲವೋ ಏನೋ, ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಹಿಂದಕ್ಕೇ ಹೋಗುತ್ತಿತ್ತು. ಆ ಹಾಳು ನಿಂಬೆಹಣ್ಣು ಈಗ ಯಾವ ಕಡೆಗೆ ಹೋಗುತ್ತಿದೆಯೋ ಎಂದು.