ಮಗಳ ಹೆಸರಿಗೊಂದು ಫ್ಲೆಕ್ಸು

ಹೆಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮದ್ದೂರಿನ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ಹಾಜರಿ ಕೂಗುತ್ತಿರುವ ಮೇಷ್ಟ್ರು ನಾನು. ಎಷ್ಟು ಸಾವಿರ ಹೆಸರು ಈ ಬಾಯಿಂದ ಹೊರಟಿಲ್ಲ! ಹಾಗಾಗಿ ನಮಗೆ ಹೆಣ್ಣುಮಗು ಹುಟ್ಟಿದ ದಿನವೇ, "ನಾಮಕರಣದ ಸಕಲ ಜವಾಬ್ದಾರಿಯನ್ನೂ ನಾನು ವಹಿಸಿಕೊಂಡಿದ್ದೇನೆ" ಎಂದು ಆಸ್ಪತ್ರೆಯಲ್ಲೇ ಘೋಷಿಸಿದೆ. ಹೆತ್ತು ಸುಸ್ತಾಗಿ ಮಲಗಿದ್ದ ಹೆಂಡತಿ ಸವಿತಾ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. ಅದನ್ನು ಒಪ್ಪಿಗೆ ಎಂದುಕೊಂಡೆ.

ಹೆಸರು ಹಳೆಯದೇ ಆಗಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಈಗಿನ ಹೆಸರುಗಳಿಗೆ ಅರ್ಥ ಕೇಳಿದರೆ ಇಟ್ಟವರೇ ಫೋನು ತೆಗೆದು ಹುಡುಕುತ್ತಾರೆ. ಅದೇ ಭಾಗೀರಥಿ ಅನ್ನಿ ನೋಡೋಣ! ರುಕ್ಮಿಣಿ ಅನ್ನಿ! ಬಾಯಿ ತುಂಬುತ್ತದೆ, ಯಾರನ್ನೂ ಅರ್ಥ ಕೇಳಬೇಕಾಗಿಲ್ಲ. ಹಾಜರಿ ಪುಸ್ತಕದಂತೆ ಗೆರೆ ಎಳೆದು ನಲವತ್ತೆರಡು ಹೆಸರು ಬರೆದೆ. ಶಾರದೆಗೆ ಅಂಕ ಕೊಟ್ಟೆ, ನಾಗರತ್ನಳಿಗೆ ಷರಾ ಬರೆದೆ.

ಸವಿತಾ ಒಂದೇ ಮಾತು ಹೇಳಿದಳು. "ಯಾವ್ದಾದ್ರೂ ಇಡಿ ರೀ. ಆದ್ರೆ ಮನೆಯವರೆಲ್ಲ ಬಾಯ್ತುಂಬ ಕೂಗೋ ಹಾಗಿರ್ಬೇಕು. ನಮ್ಮವ್ವಂಗಾದ ಹಾಗೆ ನನ್ ಮಗಳಿಗೆ ಆಗ್ಬಾರ್ದು."

ಅವಳ ತಾಯಿ, ಅಂದರೆ ಮಳವಳ್ಳಿಯ ನಮ್ಮತ್ತೆ ಪುಟ್ಟಲಕ್ಷ್ಮಮ್ಮನಿಗೆ ಇಟ್ಟದ್ದು ಅಪ್ಪನ ತಾಯಿಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ! ಹೆತ್ತ ತಾಯಿಯೇ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಹುಟ್ಟಿದ ಮನೆಯಲ್ಲಿ 'ಅಮ್ಮಿ', ಸೇರಿದ ಮನೆಯಲ್ಲಿ 'ಏ ಇವಳೇ'. ಅಷ್ಟು ಚೆಂದದ ಹೆಸರು ರೇಷನ್ ಕಾರ್ಡಿನಲ್ಲೇ ಉಳಿಯಿತು. ಇದನ್ನು ಹೇಳುವಾಗ ಸವಿತಾಳ ಕಣ್ಣು ಒದ್ದೆಯಾಗಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ತಲೆ ಆಡಿತೇ ಹೊರತು ಒಳಗೇನೂ ಇಳಿಯಲಿಲ್ಲ.

ಮೊದಲು ಬೆಸಗರಹಳ್ಳಿಗೆ ಹೋದೆ. ನನ್ನ ತಾಯಿ ಚಿಕ್ಕತಾಯಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಮಗೂಗೆ ಯಾವ ಹೆಸರಿಡೋಣ?"

"ನನ್ನೇನ್ಲಾ ಕೇಳೀಯೆ? ಎತ್ತೋಳ್ನ ಕೇಳೋಗು."

ಆಹಾ, ಎಂಥ ವಿನಯ! ತನ್ನ ಹೆಸರೇ ಇಡಲಿ ಎಂದು ಮನಸ್ಸಿನಲ್ಲಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ. ಅಲ್ಲಿಂದ ಮಳವಳ್ಳಿಗೆ. ಅತ್ತೆ ಅಳಿಯನ ಎದುರು ನಿಂತು ಮಾತಾಡುವವರಲ್ಲ. ಬಾಗಿಲ ಹಿಂದಿನಿಂದಲೇ, "ನಿಮ್ಮಿಷ್ಟ ಅಳೀಮಯ್ಯ, ಯಾವ್ದಾದ್ರೂ ಸೈ" ಎಂದರು. ಇವರಿಗೂ ತಮ್ಮ ಹೆಸರೇ ಬೇಕು! ಹೆಂಗಸರ ಮನಸ್ಸು ಓದುವುದರಲ್ಲಿ ನಾನು ಪಂಡಿತ ನೋಡಿ.

ಒಬ್ಬರಿಗೆ ಬೆಣ್ಣೆ, ಇನ್ನೊಬ್ಬರಿಗೆ ಸುಣ್ಣ ಆಗಬಾರದಲ್ಲ? ಎರಡೂ ಹೆಸರು ಕೂಡಿಸಿದೆ. ಚಿಕ್ಕತಾಯಮ್ಮ ಪುಟ್ಟಲಕ್ಷ್ಮಮ್ಮ! ವಯಸ್ಸು ಮೂರು ತಿಂಗಳು, ಹೆಸರು ಹತ್ತಕ್ಷರ. ಯಾರಿಗೂ ಹೇಳಲಿಲ್ಲ. ನಾಮಕರಣದ ದಿನ ಎಲ್ಲರೂ ಬೆರಗಾಗಲಿ ಎಂದುಕೊಂಡು ನೇರ ಮಂಡ್ಯಕ್ಕೆ ಹೋದೆ, ಫ್ಲೆಕ್ಸ್ ಮಾಡಿಸಲು. ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಶುಭಕಾರ್ಯ ಉಂಟೇ?

ಅಂಗಡಿಯವನಿಗೆ ಇಬ್ಬರು ಅಜ್ಜಿಯರ ಆಧಾರ್ ಕಾರ್ಡಿನ ಫೋಟೊ ಕೊಟ್ಟೆ. ಆ ಕಾರ್ಡಿನಲ್ಲಿ ಜೀವಂತವಾಗಿ ಕಾಣುವವರು ಯಾರಿದ್ದಾರೆ ಹೇಳಿ!

"ಇಬ್ರೂನಾ ಸಾರ್?" ಎಂದ.

"ಹೂಂ. ಇಬ್ಬರೂ ಒಟ್ಟಿಗೆ. ಸುತ್ತ ಹೂವಿನ ಹಾರ ಬರಲಿ, ಎರಡು ಕಡೆ ದೀಪ ಇರಲಿ."

ಅವನು ಲೊಚಗುಟ್ಟಿ, "ವಿಧಿ ಸಾರ್" ಎಂದ. ಕಸುಬಿನಲ್ಲಿ ಎಂಥ ಭಕ್ತಿ ಎಂದು ಮೆಚ್ಚಿಕೊಂಡೆ. ಕೆಳಗಿನ ಅರ್ಧದಲ್ಲಿ ಮಗುವಿನ ಚಿತ್ರ, ಹತ್ತಕ್ಷರದ ಹೆಸರು. ಮೇಲೆ ನಾನೇ ರಚಿಸಿದ ಸಾಲು: 'ನಿಮ್ಮ ಹೆಸರು ನಮ್ಮ ಮನೆಯಲ್ಲಿ ಸದಾ ಉಳಿಯಲಿ.'

ನಾಮಕರಣದ ದಿನ ಬೆಳಿಗ್ಗೆ ಮಳವಳ್ಳಿಯ ಅತ್ತೆ ಮನೆಯ ಮುಂದೆ ಎರಡು ಕಂಬಕ್ಕೆ ಫ್ಲೆಕ್ಸ್ ಕಟ್ಟಿದೆ. ಮುಹೂರ್ತಕ್ಕೆ ಮುಂಚೆ ಹೆಸರು ಬಯಲಾಗಬಾರದಲ್ಲ? ಕೆಳಗಿನ ಅರ್ಧವನ್ನು ಹಿಂದಕ್ಕೆ ಮಡಚಿ ದಾರ ಬಿಗಿದೆ. ಆಮೇಲೆ ಬಾಳೆಎಲೆ ತರಲು ಮಾರ್ಕೆಟ್ಟಿಗೆ ಹೊರಟೆ.

ವಾಪಸು ಬರುವಾಗ ಬೀದಿಯ ತುದಿಗೇ ಗೋಳು ಕೇಳಿಸಿತು. ಮನೆ ಮುಂದೆ ಜನ! ಅವ್ವನ ತಮ್ಮ ಬೋರಣ್ಣಮಾವ ಮಂಡ್ಯದಿಂದ ಬಸ್ಸಿಳಿದು ಬಂದವನು, ಫ್ಲೆಕ್ಸ್ ನೋಡಿ ರಸ್ತೆಯಲ್ಲೇ ಕುಸಿದಿದ್ದಾನೆ.

"ಅಯ್ಯೋ ನಮ್ಮಕ್ಕಾ! ಓಗ್ಬುಟ್ಯಲ್ಲೇ ನಮ್ಮಕ್ಕಾ! ಇಬ್ರೂ ಒಂದೇ ಆಟೋದಲ್ಲಿದ್ರೇನ್ರಪ್ಪಾ!"

ಅಕ್ಕಪಕ್ಕದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಸಾವಿನ ಮನೆಯಲ್ಲಿ ಅಡುಗೆಯೇನು ಎಂದು ಅಡುಗೆಯವರು ಒಲೆ ಆರಿಸಿಬಿಟ್ಟಿದ್ದರು! ಮಗುವಿಗೆ ಸ್ನಾನ ಮಾಡಿಸುತ್ತಿದ್ದ ಅತ್ತೆ ಗಲಾಟೆಗೆ ಹೊರಬಂದರು. ಅವರನ್ನು ನೋಡಿ ಇಬ್ಬರು ಹೆಂಗಸರು ಕಿಟಾರನೆ ಕಿರುಚಿದರು. ಅಷ್ಟರಲ್ಲಿ ಆಟೋ ನಿಂತಿತು. ಬಾಳೆಗೊನೆ ಹಿಡಿದು ಅವ್ವ ಇಳಿದಳು. ಬೋರಣ್ಣಮಾವನ ಅಳು ಅರ್ಧಕ್ಕೇ ನಿಂತಿತು.

ಅವ್ವ ಫ್ಲೆಕ್ಸನ್ನು ದಿಟ್ಟಿಸಿ ನೋಡಿದಳು. "ಯಾವಳ್ಲಾ ಇವ್ಳು, ಇಂಗೆ ಮಕ ಗಂಟಾಕ್ಕೊಂಡವ್ಳೆ?"

"ನೀನೇ ಅವ್ವ."

"ನಾ ಯಾವಾಗ್ಲಾ ಸತ್ತೆ?"

ಅವಸರದಲ್ಲಿ ದಾರ ಕಿತ್ತು ಕೆಳಗಿನ ಅರ್ಧ ಬಿಚ್ಚಿದೆ. ಮಗು ಕಂಡಿತು, ಹತ್ತಕ್ಷರವನ್ನೂ ಅವ್ವನಿಗೆ ಕೇಳುವಂತೆ ನಾನೇ ಗಟ್ಟಿಯಾಗಿ ಓದಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ. ಆಗಲೇ ಕೆಟ್ಟದ್ದು! ಸವಿತಾ ಹೆಸರನ್ನು ಓದಿದಳು. ಬೈಯಲಿಲ್ಲ. ಮಗುವನ್ನು ಎದೆಗೆ ಅವುಚಿಕೊಂಡು, "ಇದನ್ನ ನಾನು ಹೇಗ್ರೀ ಕೂಗ್ಲಿ?" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸತ್ತೋರ ಎಸ್ರು ಮಡಗ್ತಾರೆ ಕಣ್ಲಾ, ಬದ್ಕಿರೋರ್ದು ಮಡಗಾರಾ?" ಅವ್ವ ಗುಡುಗಿದಳು. "ಮ್ಯಾಲ್ಗಡೆ ಸಾಯ್ಸಿ ಕೆಳಗಡೆ ಉಟ್ಸಿದ್ದೀಯಲ್ಲೋ! ಅಳ್ಳಿ ಮಕ್ಳಿಗೆ ಇದ್ನೇ ಏನ್ಲಾ ನೀನು ಕಲ್ಸೋದು?"

ಆಮೇಲೆ ಅವಳ ದನಿಯೇ ಬದಲಾಯಿತು. ಸೊಸೆಯ ಹತ್ತಿರ ಹೋಗಿ ತಲೆ ನೇವರಿಸಿದಳು. "ಅಳಬ್ಯಾಡ ಕಣಮ್ಮ. ಒಂಬತ್ ತಿಂಗ್ಳು ಒತ್ತೋಳು ನೀನು. ನಿನ್ ಮನಸ್ನಾಗೆ ಏನೈತೆ, ಏಳು."

ಸವಿತಾ ಮೂಗು ಒರೆಸಿಕೊಂಡು, "ಗೌರಿ, ಅತ್ತೆ" ಎಂದಳು.

ಗೌರಿ! ನಲವತ್ತೆರಡರಲ್ಲಿ ಅದೊಂದೇ ಇರಲಿಲ್ಲ. ತೀರಾ ಸುಲಭ ಎಂದು ಬಿಟ್ಟಿದ್ದೆ.

"ಬಲೇ ಚೆಂದಾಗೈತೆ. ಬುಡು, ಅದೇ ಆಗ್ಲಿ. ಬಾರಮ್ಮಿ ಬೀಗ್ತಿ, ಮೊದ್ಲು ನೀ ಕೂಗು" ಎಂದು ಅವ್ವ ನಮ್ಮತ್ತೆಯ ಕೈ ಹಿಡಿದು ಮುಂದಕ್ಕೆ ತಂದಳು. ನಾಲ್ಕು ಜನರ ಮುಂದೆ ದನಿ ಎತ್ತದ ಆ ಹೆಂಗಸು ಮೊಮ್ಮಗಳ ಮುಖಕ್ಕೆ ಬಾಗಿ, "ಗೌರೀ!" ಎಂದರು. ಸಾಲಲಿಲ್ಲವೇನೋ, ಬೀದಿಯ ಆ ತುದಿಗೆ ಕೇಳುವಂತೆ, "ಏ ಗೌರೀ!" ಎಂದು ಮತ್ತೆ ಕೂಗಿದರು. ಸವಿತಾ ಅಳುತ್ತಲೇ ನಕ್ಕಳು. ನಾನು ಮೂರು ತಿಂಗಳು ಗೆರೆ ಎಳೆದರೂ ಕಾಣದ್ದನ್ನು, ಓದು ಬರಹ ಬಾರದ ನನ್ನವ್ವ ಮೂರು ಮಾತಿನಲ್ಲಿ ಕಂಡಿದ್ದಳು. ಅವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ!

ಒಲೆ ಮತ್ತೆ ಹತ್ತಿತು. ಊಟವೂ ಗಮ್ಮತ್ತಾಗಿಯೇ ಆಯಿತು. ಆದರೆ ಸುಮ್ಮನೆ ಅಷ್ಟು ಕಣ್ಣೀರು ಹಾಕಿದ್ದ ಬೋರಣ್ಣಮಾವನ ಸಿಟ್ಟು ಇಳಿಯಬೇಕಲ್ಲ? ಪಾಯಸ ಬಡಿಸಲು ಹೋದ ನನಗೆ ಪಂಕ್ತಿಯ ನಡುವೆಯೇ, "ಸಾಕು ಬುಡಪ್ಪಾ, ಸ್ರದ್ಧಾಂಜಲಿ ಮೇಷ್ಟ್ರೇ!" ಎಂದ. ಇಡೀ ಪಂಕ್ತಿ ನಕ್ಕಿತು. ಈಗ ಮಳವಳ್ಳಿಯಿಂದ ಮದ್ದೂರಿನ ಬಸ್ ಸ್ಟ್ಯಾಂಡಿನವರೆಗೆ ನನಗೆ ಅದೇ ಹೆಸರು.

ಗೌರಿ ಎಂದು ಕೂಗಿದರೆ ತಿರುಗಿ ನೋಡಲು ನನ್ನ ಮಗಳಿಗೆ ಇನ್ನೂ ಬರುವುದಿಲ್ಲ. ನನ್ನ ಹೊಸ ಹೆಸರಿಗೆ ತಿರುಗಲು ನನಗೆ ಬಂದುಬಿಟ್ಟಿದೆ.