ಮೂರು ಕಂಬದ ಗೋಲು

ಕೋಪ ಬಂದರೆ ಕೆಲವರು ಊಟ ಬಿಡುತ್ತಾರೆ, ಕೆಲವರು ಮಾತು ಬಿಡುತ್ತಾರೆ. ನನ್ನ ಸೋದರತ್ತೆ ಊರನ್ನೇ ಬಿಟ್ಟರು! ಅದೂ ಕೈಯಲ್ಲೊಂದು ಬ್ಯಾಗು ಹಿಡಿದು ತವರಿಗೆ ಹೋದರೆಂದುಕೊಳ್ಳಬೇಡಿ. ಅವರ ತವರು, ಅಂದರೆ ನಮ್ಮ ಮನೆ, ಹಿಂದಿನ ಬೀದಿಯಲ್ಲೇ ಇತ್ತು. ಆ ಕೋಪಕ್ಕೆ ಅಷ್ಟು ದೂರ ಸಾಲುತ್ತಿರಲಿಲ್ಲ. ಹನ್ನೊಂದು ಜನ ಆಟಗಾರರು, ನಾಲ್ಕು ಗೋಲುಕಂಬ, ಒಂದು ಮೂಟೆ ಸುಣ್ಣ, ಎರಡು ಚೆಂಡು, ಇಷ್ಟನ್ನೂ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರು. ಫುಟ್‌ಬಾಲ್ ಟೀಮುಗಳು ಊರಿಂದೂರಿಗೆ ಯಾಕೆ ಹೋಗುತ್ತವೆ ಎಂದು ಕೇಳಿದರೆ ತಿಳಿದವರು ಏನೇನೋ ಕಾರಣ ಕೊಡುತ್ತಾರೆ. ನನಗೆ ಗೊತ್ತಿರುವ ಕಾರಣ ಒಂದೇ. ನಮ್ಮ ಮಾವ.

ತೊಂಬತ್ತರ ದಶಕದ ಮಾತು. ನಮ್ಮೂರು ನೊಣವಿನಕೆರೆ ದಾಟಿದ ಮೇಲೆ ಸಿಗುವ, ಬಸ್ಸಿನವರು ಮನಸ್ಸು ಬಂದರೆ ನಿಲ್ಲಿಸುವ ಊರು. ಅತ್ತೆಗೆ ಅಲ್ಲಿ ತೆಂಗಿನ ತೋಟವಿತ್ತು, ಮನೆಯಲ್ಲಿ ಆಳೆತ್ತರದ ಅಟ್ಟವಿತ್ತು. ಅಟ್ಟದ ಮೇಲೆ ಕಾಯಿ ಏರಿಸಿ ವರ್ಷ ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ. ಗೊಟಗೊಟ ಎಂದರೆ ಒಣಗಿದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಅತ್ತೆ ಈ ಪರೀಕ್ಷೆಯನ್ನು ಜಗತ್ತಿಗೆಲ್ಲ ಅನ್ವಯಿಸಿದ್ದರು! ಗಡಿಯಾರ, ಗ್ಯಾಸ್ ಸಿಲಿಂಡರು, ಮುಯ್ಯಿಗೆ ಬಂದ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನನ್ನ ತಂಗಿಯನ್ನು ನೋಡಲು ಬಂದಿದ್ದ ಗಂಡಿನ ಎರಡೂ ಭುಜ ಹಿಡಿದು ಅಲ್ಲಾಡಿಸಿ, "ಒಳ್ಳೇವ್ನೇ ಕಣ್ರೀ, ಆದ್ರೆ ಇನ್ನೂ ಒಂದ್ವರ್ಷ ಅಟ್ಟದ ಮ್ಯಾಲಿರಬೇಕು" ಎಂದುಬಿಟ್ಟಿದ್ದರು. ಸಂಬಂಧ ಮುರಿದುಬಿತ್ತು ಎಂದು ಬೇರೆ ಹೇಳಬೇಕೆ?

ಅವರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ್ದು ಟೀವಿ. ಮಾವನಿಗೆ ಕ್ರಿಕೆಟ್ಟೇ ಪ್ರಾಣ. ಟೀವಿ ಬರುವುದಕ್ಕೆ ಮುಂಚೆ ಟ್ರಾನ್ಸಿಸ್ಟರನ್ನು ಹೆಗಲ ಮೇಲೆ ಹೊತ್ತೇ ಸಂಸಾರ ಮಾಡಿದವರು. ಅತ್ತೆಗೆ ಅದನ್ನು ಕಂಡರಾಗದು. "ಐದ್ ದಿನ ಬಿಸಿಲಲ್ಲಿ ನಿಂತ್ಕೊಳೋದು ಆಟ ಏನ್ರೀ? ನಮ್ಮ ಬೆದರುಗೊಂಬೆನೂ ನಿಂತ್ಕೊಂತದೆ!" ಒಂದು ದಿನ ಟೀವಿಯಲ್ಲಿ ಫುಟ್‌ಬಾಲ್ ಬಂತು. ಇಪ್ಪತ್ತೆರಡು ಜನ ಒಂದೂವರೆ ಗಂಟೆ ಓಡಿದ್ದನ್ನು ಕಂಡು ಅತ್ತೆ, "ಇವ್ರು ಕೂಲಿಗೆ ಸರಿಯಾಗಿ ಮೈ ಬಗ್ಗುಸ್ತಾರೆ" ಎಂದು ಮೆಚ್ಚಿಕೊಂಡರು. ಮಾರನೇ ದಿನವೇ ತಿಪಟೂರಿಗೆ ಹೋಗಿ ಚೆಂಡು ಕೈಗೆತ್ತಿಕೊಂಡು ಅಲ್ಲಾಡಿಸಿದರು.

"ಏನಪ್ಪಾ, ಒಳಗೆ ಏನೂ ಇಲ್ವಲ್ಲ!"

"ಗಾಳಿ ಐತೆ ಕಣಮ್ಮ" ಎಂದ ಅಂಗಡಿಯವನು.

"ಗಾಳಿನೂ ಮಾರ್ತೀಯಲ್ಲ, ಬದುಕ್ತೀಯ ಬುಡು!"

ಟೀಮು ಕಟ್ಟಿದ್ದು ಹೀಗೆ. ಕಾಯಿ ಸುಲಿಯುವವರು ಆರು ಜನ. ಉಳಿದವರು ಗ್ಯಾರೇಜು, ಟೈಲರ್ ಅಂಗಡಿಗಳ ಹುಡುಗರು. ಕ್ಯಾಪ್ಟನ್ ಮೆಕ್ಯಾನಿಕ್ ಸಾದಿಕ್. ಗೋಲು ಕಾಯುವವನು ಸಿದ್ದ, ಕೆಳಗಿನಿಂದ ಎಸೆದ ಕಾಯನ್ನು ಅಟ್ಟದ ಮೇಲೆ ನಿಂತು ಹಿಡಿಯುವುದೇ ಅವನ ಕೆಲಸ. ದಿನಕ್ಕೆ ಸಾವಿರಾರು ಕಾಯಿ ಹಿಡಿದು ಒಂದನ್ನೂ ತಲೆಗೆ ತಗುಲಿಸಿಕೊಳ್ಳದವನಿಗೆ ಗಾಳಿ ತುಂಬಿದ ಚೆಂಡು ಯಾವ ಲೆಕ್ಕ? ರೆಫರಿ ನಾನು. ಆಟದ ನಿಯಮ ಗೊತ್ತಿತ್ತೆಂದಲ್ಲ. ಆಗಷ್ಟೇ ಹೈಸ್ಕೂಲು ಮೇಷ್ಟ್ರಾಗಿದ್ದೆ, ಊರಲ್ಲಿ ಪೀಪಿ ಇದ್ದದ್ದು ನನ್ನ ಬಳಿ ಮಾತ್ರ.

ಇದು ವೃತ್ತಿಪರ ಟೀಮು ಎಂಬುದನ್ನು ಮರೆಯಬಾರದು. ಗೋಲು ಹೊಡೆದವನಿಗೆ ಐದು ತೆಂಗಿನಕಾಯಿ, ತಡೆದವನಿಗೆ ಆರು ಎಂದು ಅತ್ತೆ ಸಾರಿದ್ದರು. ಮುಂದಿನ ಭಾನುವಾರ ಪೀಪಿ ಊದಿ ನೋಡುತ್ತೇನೆ, ಹನ್ನೊಂದು ಜನವೂ ಗೋಲಿನ ಮುಂದೆ ಕೈ ಚಾಚಿಕೊಂಡು ನಿಂತಿದ್ದಾರೆ! ಆ ದಿನ ಎದುರಾಳಿಗಳು ಗೋಲು ಹೊಡೆಯಲಿಲ್ಲ, ನಾವೂ ಹೊಡೆಯಲಿಲ್ಲ. ಸಂಜೆ ಅಂಪೈರ್ ತೀರ್ಪಿನ ಧಾಟಿಯಲ್ಲಿ ಮಾವ, "ಡ್ರಾ" ಎಂದು ನಕ್ಕರು. ಅತ್ತೆ ಎರಡು ದಿನ ಮಾವನಿಗೆ ಚಟ್ನಿಯಿಲ್ಲದ ದೋಸೆ ಹಾಕಿದರು. ತೆಂಗಿನ ತೋಟದ ಯಜಮಾನನಿಗೆ ಇದಕ್ಕಿಂತ ಅವಮಾನ ಉಂಟೆ?

ಜಗಳ ನಿಜವಾಗಿ ಹತ್ತಿದ್ದು ಮೈದಾನದಿಂದ. ನಮ್ಮ ಆಟಕ್ಕೆ ಪ್ರೇಕ್ಷಕರೆಂದರೆ ಮೂರು ಎಮ್ಮೆ. ಮಾವನೋ ಊರಿನ ಯುವಕ ಸಂಘದ ಅಧ್ಯಕ್ಷರು. ಅತ್ತೆ ಮದುವೆಗೆಂದು ಅರಸೀಕೆರೆಗೆ ಹೋಗಿದ್ದ ಎರಡು ದಿನದಲ್ಲಿ, ಮೈದಾನದ ನಟ್ಟನಡುವೆ ಕ್ರಿಕೆಟ್ಟಿಗೆ ಸಿಮೆಂಟಿನ ಪಿಚ್ಚು ಹಾಕಿಸಿಬಿಟ್ಟರು! ಬರಿಗಾಲಲ್ಲಿ ಆಡುವ ಹುಡುಗರು ಅದರ ಮೇಲೆ ಬಿದ್ದು ಮೊಣಕಾಲು ಕಿತ್ತುಕೊಂಡರು. ಅತ್ತೆ ಕೂಗಾಡಲಿಲ್ಲ. ಅದಕ್ಕೇ ನಮಗೆಲ್ಲ ಭಯವಾದದ್ದು.

ಬೆಂಕಿಗೆ ಎಣ್ಣೆ ಸುರಿದವನು ನಾನು. ಪೇಪರಿನಲ್ಲಿ ಓದಿದ್ದನ್ನು ಬಾಯಿ ತಡೆಯದೆ ಹೇಳಿದೆ: "ಅಮೆರಿಕದಲ್ಲಿ ಹಿಂಗಾದ್ರೆ ಟೀಮನ್ನೇ ಬೇರೆ ಊರಿಗೆ ತಗೊಂಡ್ ಹೋಗ್ತಾರಂತೆ ಅತ್ತೆ. ಹೊಸ ಊರಿನೋರು ಮೈದಾನ ಕಟ್ಟಿಕೊಡ್ತಾರೆ, ಜನಾನೂ ಜಾಸ್ತಿ ಬರ್ತಾರೆ."

"ಹಳೇ ಊರಿನೋರು ಅಳಲ್ವಂತಾ?"

"ಅಳ್ತಾರಂತೆ."

"ಹೋಗೋಕ್ ಮುಂಚೆ ಅಳ್ಬೇಕಿತ್ತು ಅಂತ ಹೇಳು" ಎಂದರು ಅತ್ತೆ. ಪಕ್ಕದಲ್ಲಿದ್ದ ಕಾಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಟೀಮು ಸುಮ್ಸುಮ್ನೆ ಊರು ಬಿಡಲ್ಲ ಕಣ್ಲಾ. ಕೊಬ್ಬರಿ ಚಿಪ್ಪು ಬಿಡೋದು ಯಾವಾಗ? ನೀರು ಆರ್ದಾಗ. ಈ ಊರಲ್ಲಿ ನಮಗೆ ನೀರು ಆರೋಗೈತೆ" ಎಂದರು. ಎಷ್ಟೋ ಪೇಪರು ಓದಿದ್ದ ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಮರುವಾರ ತೆಂಗಿನ ಬೊಡ್ಡೆಯ ಗೋಲುಕಂಬಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹಾಕಿದ್ದಾಯಿತು. ಮಾವ ಜಗಲಿಯಲ್ಲಿ ನಿಂತಿದ್ದರು. ತಮಾಷೆ ಎಂದುಕೊಂಡಿದ್ದರೋ ಏನೋ, "ಯಾವಾಗ ಬತ್ತೀಯಾ?" ಎಂದರು.

"ಊರು ಅತ್ತ ಮ್ಯಾಲೆ ಬತ್ತೀನಿ ಕಣ್ರೀ" ಎಂದು ಅತ್ತೆ ಹತ್ತಿ ಕೂತರು.

ಹೋದದ್ದು ಹುಳಿಯಾರಿಗೆ. ಅಲ್ಲಿ ಅವರ ನಾದಿನಿಯ ಮನೆ, ಮನೆಯ ಹಿಂದೆ ರಾಗಿ ಕೊಯ್ದ ಹೊಲ. ಮೊದಲ ಪಂದ್ಯವನ್ನು ಸಂತೆಯ ದಿನವೇ ಇಟ್ಟರು. ಸಂತೆಗೆ ಬಂದವರೆಲ್ಲ ಬಂದರು. ಕುರಿ ಮಾರಲು ಬಂದವರು ಕುರಿಗಳ ಸಮೇತ ಬಂದರು. ಸಾದಿಕ್ ಗೋಲು ಹೊಡೆದಾಗ ಎದ್ದ ಕೂಗಿಗೆ ಕುರಿಗಳೆಲ್ಲ ಮೈದಾನಕ್ಕೆ ನುಗ್ಗಿ, ಆಟ ಅರ್ಧ ಗಂಟೆ ನಿಂತಿತು. ಅತ್ತೆಯ ಮುಖ ನೋಡಬೇಕಿತ್ತು! ಹುಡುಗರು ವಾರವೆಲ್ಲ ನಮ್ಮೂರಲ್ಲಿ ಕೆಲಸ ಮಾಡಿ ಶನಿವಾರ ಬಸ್ಸು ಹತ್ತುತ್ತಿದ್ದರು. ಅತ್ತೆ ಮಾತ್ರ ಅಲ್ಲೇ ಉಳಿದರು. ಆರು ತಿಂಗಳಲ್ಲಿ ಟೀಮು ಸೋತದ್ದು ಒಂದೇ ಸಲ, ಅದೂ ನನ್ನ ಪೀಪಿ ಕೈಕೊಟ್ಟಿದ್ದರಿಂದ.

ಕೊನೆಗೆ ತಿಪಟೂರಿನಲ್ಲಿ ಪಂದ್ಯಾವಳಿ. ಫೈನಲ್ಲಿನಲ್ಲಿ ಎದುರಾಳಿಗಳು ಬೆಂಗಳೂರಿನ ಕಡೆಯವರು, ಎಲ್ಲರಿಗೂ ಬೂಟು. ನಮ್ಮವರದು ಬರಿಗಾಲು. ಸಾದಿಕ್ ಒಂದು ಗೋಲು ಹೊಡೆದ. ಆಟ ಮುಗಿಯುವ ಹೊತ್ತಿಗೆ ಅವರಿಗೆ ಪೆನಾಲ್ಟಿ ಸಿಕ್ಕಿತು. ಅತ್ತೆ ಗೆರೆಯ ಆಚೆಯಿಂದ ಕೂಗಿದರು: "ಸಿದ್ದಾ, ಕಾಯಿ ಬತ್ತೈತೆ ಕಣ್ಲಾ!" ಅಷ್ಟೇ. ಸಿದ್ದ ನೆಗೆದು ಒಂದೇ ಕೈಯಲ್ಲಿ ಹಿಡಿದು, ಅಭ್ಯಾಸ ಬಲದಿಂದ ಹಿಂದಕ್ಕೆ ಎಸೆಯಲು ಹೋದ; ಹಿಂದೆ ಅಟ್ಟವಿಲ್ಲ, ಗೋಲಿದೆ ಎಂಬುದು ದೇವರ ದಯೆಯಿಂದ ನೆನಪಾಯಿತು. ಗೆದ್ದೆವು!

ಮೈಕಿನಲ್ಲಿ "ಹುಳಿಯಾರು ತಂಡಕ್ಕೆ ಜಯ" ಎಂದರು. ಕೊಬ್ಬರಿ ಲಾರಿ ತುಂಬ ಬಂದಿದ್ದ ನಮ್ಮೂರಿನವರು, "ಏಯ್, ಅದು ನಮ್ಮೂರ್ ಟೀಮು!" ಎಂದು ಎದ್ದು ನಿಂತರು. ಹುಳಿಯಾರಿನವರು, "ಮನೇಲಿದ್ದಾಗ ಮಾತಾಡ್ಸದೋರು ಈಗ ನೆಂಟ್ರಾದ್ರಾ?" ಎಂದರು. ಮೂರು ಎಮ್ಮೆಗಳ ಮುಂದೆ ಆಡುತ್ತಿದ್ದ ಟೀಮಿಗಾಗಿ ಎರಡು ಊರುಗಳು ತೋಳೇರಿಸುತ್ತಿದ್ದವು! ಅತ್ತೆ ಗೆದ್ದ ಕಪ್ಪನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ, ಎರಡೂ ಕಡೆಯ ಬೈಗುಳವನ್ನು ಮಂಗಳವಾದ್ಯದಂತೆ ಕೇಳಿದರು.

ಗುಂಪಿನ ಹಿಂದಿನಿಂದ ಮಾವ ಬಂದರು. ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡಿದ್ದರು. "ಮೈದಾನ ಸರಿ ಮಾಡೀನಿ. ಒಂದ್ಸಲ ಬಂದ್ ನೋಡು" ಎಂದರು, ನೆಲ ನೋಡಿಕೊಂಡು.

ಲಾರಿಯಲ್ಲಿ ಎಲ್ಲರೂ ನಮ್ಮೂರಿಗೆ ಬಂದೆವು. ಇನ್ನೂ ಬಿಸಿಲಿತ್ತು. ಟೀಮು ಹೋದಂದಿನಿಂದ ನಾನೂ ಹುಡುಗರೂ ಕೋಪಕ್ಕೆ ಆ ಮೈದಾನದ ಕಡೆ ತಲೆ ಹಾಕಿರಲಿಲ್ಲ. ಮೈದಾನದ ನಡುವೆ ಸಿಮೆಂಟು ಪಿಚ್ಚು ಇರಲಿಲ್ಲ. ಅಲ್ಲಿ ಹಾಕಿದ್ದ ಮಣ್ಣಿನಲ್ಲಿ ಆಗಲೇ ಗರಿಕೆ ಚಿಗುರಿತ್ತು. ಅಂದರೆ ಒಡೆದು ಬಹಳ ದಿನವಾಗಿತ್ತು, ಕಪ್ಪು ಗೆಲ್ಲುವ ಮಾತೇ ಇರಲಿಲ್ಲ ಆಗ. ಎರಡು ತುದಿಗೂ ಹೊಸ ಗೋಲುಕಂಬ ನೆಟ್ಟಿತ್ತು. ಆದರೆ ಮಾವ ಜನ್ಮದಲ್ಲಿ ಫುಟ್‌ಬಾಲ್ ನೆಟ್ಟಗೆ ನೋಡಿದವರಲ್ಲ. ಅವರಿಗೆ ಗೊತ್ತಿದ್ದದ್ದು ಸ್ಟಂಪು. ಒಂದೊಂದು ಕಡೆಗೂ ಮೂರು ಮೂರು ಕಂಬ!

ಸಾದಿಕ್ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಮಾವನ ಕೈ ಹಿಡಿದು ಎಳೆದರು. ಅಂಗೈ ತುಂಬ ಬೊಬ್ಬೆ ಒಡೆದು ಗಟ್ಟಿಯಾದ ಕಲೆ. ಪಿಚ್ಚನ್ನು ಆಳಿನ ಕೈಲಿ ಒಡೆಸಿರಲಿಲ್ಲ. ಅತ್ತೆಯ ನಗು ನಿಂತುಹೋಯಿತು.

"ಊರು ಅಳ್ತೋ ಇಲ್ವೋ ಗೊತ್ತಿಲ್ಲ ಕಣೇ" ಎಂದರು ಮಾವ. "ನಾನಂತೂ..."

ಅತ್ತೆ ಅವರ ಎರಡೂ ಭುಜ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಇಡೀ ಊರಿನ ಎದುರಿಗೆ, ಎದೆಗೆ ಕಿವಿಯಿಟ್ಟು ಕೇಳಿದರು.

"ನೀರೈತೆ" ಎಂದರು. "ಇನ್ನೂ ಚಿಪ್ಪು ಬಿಟ್ಟಿಲ್ಲ."

ಹಳೆಯ ಕಂಬಗಳು ಹುಳಿಯಾರಿನಲ್ಲೇ ಉಳಿದವು. ಅಲ್ಲಿಯ ಹುಡುಗರು ಆ ಹೊಲದಲ್ಲೇ ತಮ್ಮದೊಂದು ಟೀಮು ಕಟ್ಟಿದರು. ನಮ್ಮ ಮೈದಾನದ ನಡುಗಂಬಗಳನ್ನು ಕೀಳಲು ಸಿದ್ದ ಹಾರೆ ತಂದಾಗ ಅತ್ತೆ ಮುಟ್ಟಗೊಡಲಿಲ್ಲ. ಆಡಲು ಬಂದ ಪರಸ್ಥಳದವರು "ಇದ್ಯಾವ ರೂಲು ಸಾರ್?" ಎಂದು ನನ್ನನ್ನು ದಬಾಯಿಸುತ್ತಿದ್ದರು. ಉತ್ತರ ಗೆರೆಯ ಆಚೆಯಿಂದ ಬರುತ್ತಿತ್ತು:

"ನಮ್ಮ ಯಜಮಾನ್ರು ನೆಟ್ಟಿರೋದು ಕಣ್ರಪ್ಪ. ಪಕ್ಕದಲ್ಲಿ ಹೊಡೀರಿ!"