ಸೊಸೆಯ ಓಣಿಗೆ ನಾನು ಕೊಟ್ಟ ಪಾಲಿಶ್

ಸಹಾಯ ಮಾಡುವ ಚಟಕ್ಕೆ ಔಷಧವಿಲ್ಲ. ಅದರಲ್ಲೂ ನಿವೃತ್ತನೊಬ್ಬ ಸಹಾಯಕ್ಕೆ ನಿಂತರೆ ಮನೆಯವರು ದೇವರನ್ನು ನೆನೆಯುವುದೇ ಲೇಸು. ನಾನು ಮ್ಯಾಟ್ರಿಕ್ ಮುಗಿಸಿ ಪುಣೆ ಹತ್ತಿರದ ತಳೇಗಾಂವದ ಕಪಾಟಿನ ಕಾರ್ಖಾನೆ ಸೇರಿದವನು. ಬಣ್ಣ ಹೊಡೆದ ಕಪಾಟುಗಳನ್ನು ಬೆಳಕಿಗೆ ಓರೆಯಾಗಿ ನಿಂತು ನೋಡುವುದೇ ಕೆಲಸ. ಬ್ರಶ್ಶಿನ ಒಂದು ಗೆರೆ ಕಂಡರೂ ಸೀಮೆಸುಣ್ಣದ ಗುರುತು ಹಾಕಿ ವಾಪಸು ಕಳಿಸುತ್ತಿದ್ದೆ. ನಾನು ನಿವೃತ್ತನಾದರೂ ಆ ಕಣ್ಣು ನಿವೃತ್ತವಾಗಲಿಲ್ಲ. ಈಗಲೂ ಮದುವೆಗೆ ಹೋದರೆ ವರನಿಗಿಂತ ಮೊದಲು ಮಂಟಪದ ಕಂಬದ ಬಣ್ಣ ನೋಡುತ್ತೇನೆ.

ಸೊಸೆ ವೀಣಾ ಮೈಸೂರಿನವಳು. ಪುಣೆಯ ಮಗರಪಟ್ಟಾದ ಕಂಪನಿಯೊಂದಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಮಾಡುತ್ತಾಳೆ. ಒಂದು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಊರಿನ ಕ್ಯಾಂಪ್ ಪ್ರದೇಶದ ಹಳೆಯ ಓಣಿಯೊಂದನ್ನು ಪರದೆಯೊಳಗೆ ಕಟ್ಟಿದ್ದಳು. ಬೇಕೆಂದರೆ ಅದರೊಳಗೆ ನಡೆದಾಡಬಹುದು. ಆದರೆ ಗೋಡೆ, ಸೈಕಲ್ಲು, ಆಕಾಶ ಎಲ್ಲದರ ಮೇಲೂ ಬ್ರಶ್ಶಿನ ದಪ್ಪ ಗೆರೆ. ಓಣಿಯಲ್ಲಿ ಹಣ್ಣು ಮಾರುವವನ ಮುಖವಂತೂ ಬರೀ ಹಸಿರು, ನೇರಳೆ ತೇಪೆ.

"ಏನವಾ, ಈ ಮನುಷ್ಯಾಗ ಏನಾಗೇದ?"

"ಏನೂ ಆಗಿಲ್ಲ ಮಾವ, ಅದು ಸ್ಟೈಲು. ಮಾಡರ್ನ್ ಪೇಂಟಿಂಗ್ ಥರ ಕಾಣ್ಬೇಕು. ಕಂಪ್ಯೂಟರ್ ಎಲ್ಲಾನೂ ನುಣ್ಣಗೆ ಮಾಡತ್ತೆ, ನಾವು ಅದಕ್ಕೆ ಬ್ರಶ್ ಹಿಡಿಯೋದು ಕಲಿಸ್ತೀವಿ. ಮಧ್ಯಾಹ್ನ ಕ್ಲೈಂಟ್‌ಗೆ ತೋರಿಸ್ಬೇಕು. ಒಪ್ಪಿದ್ರೆ ಇಡೀ ಪ್ರಾಜೆಕ್ಟು ನನ್ನ ಟೀಮಿಗೇ."

ನುಣ್ಣಗೆ ಬರುವುದನ್ನು ಕೆಡಿಸುವುದಕ್ಕೂ ಸಂಬಳವೇ? ಅವಸರದಲ್ಲಿ ತಿದ್ದಲಾಗದೆ ಏನೋ ಸಬೂಬು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಕುರ್ಚಿಯಲ್ಲಿ ಕುಳಿತೆ. ಪರದೆಯ ಬದಿಯಲ್ಲಿ ಗೋಡೆಗೊಂದು, ಮುಖಕ್ಕೊಂದು ಜಾರುವ ಗುಂಡಿ. ಎಳೆದರೆ ಗೆರೆ ಮಾಯ. ಒಂದನ್ನೂ ಬಿಡಲಿಲ್ಲ. ಓಣಿ ಹೊಸ ಕಪಾಟಿನಂತೆ ಥಳಥಳಿಸಿತು. ಸೇವ್ ಮಾಡುವುದೊಂದು ನನಗೆ ಬರುತ್ತದೆ. ಮಾಡಿ, ಮುಚ್ಚಿಟ್ಟು, ಹೆಂಡತಿಗೆ ಚಹಾ ಕೇಳಿದೆ.

ಮಧ್ಯಾಹ್ನ ಕ್ಲೈಂಟಿನ ಎದುರು ತೆರೆದರೆ ಒಂದೇ ಒಂದು ಗೆರೆಯಿಲ್ಲ. ಅವಳು ವಾರಗಟ್ಟಲೆ ಕೂತು ಹೊಂದಿಸಿದ್ದ ಗೆರೆಗಳಂತೆ ಅವು. ಹೇಗೋ ಬೇಡಿಕೊಂಡು ನಾಲ್ಕು ದಿನ ಗಡುವು ಪಡೆದಳು.

"ಸುಮ್ಮನ ಕೂಡೂದು ನಿಮಗ ಗೊತ್ತೇ ಇಲ್ಲೇನ್ರಿ?" ಎಂದಳು ಹೆಂಡತಿ.

ಬೈಗುಳ ನಿರೀಕ್ಷಿಸಿದ್ದೆ. ವೀಣಾ ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಗೆರೆಗಳನ್ನು ಮತ್ತೆ ಎಳೆಯತೊಡಗಿದಳು. "ನೋಡಿ ಹೇಳಿ ಮಾವ, ಇದು ಪಾಸಾ?"

"ಛೀ, ಗ್ವಾಡಿ ತುಂಬ ಗೆರಿ! ರಿಜೆಕ್ಟು."

"ಹಾಗಾದ್ರೆ ಸರಿಯಾಗಿದೆ," ಎಂದು ಮುಂದಿನ ಗೋಡೆಗೆ ಹೋದಳು. ನಾನು ಮುಖ ಕಿವಿಚಿದಷ್ಟೂ ಅವಳಿಗೆ ಹುರುಪು. ಪ್ರಾಜೆಕ್ಟು ಸಿಕ್ಕಿತು. ಆಮೇಲೆ ಪ್ರತಿ ಚಿತ್ರವೂ ನನ್ನ ಮುಂದೆ ಬಂದು, 'ರಿಜೆಕ್ಟು' ಅನ್ನಿಸಿಕೊಂಡೇ ಹೋಗುತ್ತಿತ್ತು.

ನಿನ್ನೆ ಹೊಸದೊಂದು ತಂದಳು: ತೇಪೆ ತೇಪೆಯಾದ ಹೊಳೆ, ಕೇಸರಿ ಎಮ್ಮೆಗಳು. ಬಾಯಿಂದ ಜಾರಿಯೇ ಹೋಯಿತು, "ಭಾಳ ಚಂದ ಅದವಾ."

ವೀಣಾಳ ಮುಖ ಬಾಡಿತು. ಎಮ್ಮೆಗಳನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದಳು.

"ಮುಗೀತು ಬಿಡ್ರಿ," ಎಂದಳು ಹೆಂಡತಿ, "ಇದ್ದೊಂದು ನೌಕರಿನೂ ಕಳಕೊಂಡ್ರಿ."